ಬೆನ್ನ ಹಿಂದಿನ ದನಿ

"ಏಳು ಗಂಟೆ ಅಂದ್ರೆ ಏಳು ಗಂಟೆ ಕಣವ್ವ. ಹೊತ್ತು ಮುಳುಗಿ ದೀಪ ಹಚ್ಚೋ ಹೊತ್ತು. ನಿನ್ನ ಗಾರ್ಮೆಂಟ್ಸ್ ವ್ಯಾನಿನ ಟೈಮ್ ಕೇಳ್ಕಂಡು ಇಟ್ಟಿರೋದಲ್ಲ ಅದು," ಅಂದ ಮರಿಸಿದ್ದಯ್ಯ.

ಸೊಸೆ ಸುನಿತಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಒಳಗೆ ಮೇಣದಬತ್ತಿ ಆಗಲೇ ಅರ್ಧ ಉರಿದಿತ್ತು. "ಮದ್ದೂರಿಂದ ಬರೋ ದಾರೀಲಿ ಕಬ್ಬಿನ ಲಾರಿ ಅಡ್ಡ ನಿಂತ್ರೆ ವ್ಯಾನಿನವನೇನು ಆರ್ಕಂಡು ಬತ್ತಾನಾ ಮಾವ? ನಾನೂ ದಿನಾ ಅವನ್ಗೆ ಏಳ್ತೀನಿ, ಬಿರ್ರನೆ ಓಡ್ಸಪ್ಪ, ನಮ್ಮಾವ ಕಾಯ್ತಾರೆ ಅಂತ. ಅವನು ನಗ್ತಾನೆ."

"ನಗ್ಲಿ. ನಿನ್ನ ಗಂಡ ಎಲ್ಲಿ?"

"ಮಂಡ್ಯದಾಗವ್ರೆ. ಬೆಲ್ಲ ಇಳಿಸ್ತಾವ್ರಂತೆ."

"ಮಗಳು?"

"ಬಸ್ಸಲ್ಲಿ."

ಮರಿಸಿದ್ದಯ್ಯ ಇನ್ನೇನೂ ಕೇಳಲಿಲ್ಲ. ಹೆಂಡತಿ ದೇವಿರಮ್ಮನನ್ನು ಕೇಳುವ ಹಾಗೇ ಇರಲಿಲ್ಲ. ಏಳಕ್ಕೆ ಸರಿಯಾಗಿ ಅವಳ ಧಾರಾವಾಹಿ ಶುರುವಾಗುತ್ತಿತ್ತು. ಮನೆಯ ಟೀವಿಯನ್ನು ಆ ಹೊತ್ತಿಗೆ ಹಾಕಬಾರದೆಂದು ಗಂಡ ಕಟ್ಟು ಮಾಡಿದ್ದರಿಂದ, ಡೈರಿಗೆ ಹಾಲು ಹಾಕಿ ಬರುವಾಗ ಪಕ್ಕದ ಬೆಳ್ಳಮ್ಮನ ಮನೆಯಲ್ಲಿ ಕೂತುಬಿಡುತ್ತಿದ್ದಳು. ಕೇಳಿದರೆ, ಡೈರಿಯಲ್ಲಿ ಸಾಲು ಉದ್ದ ಇತ್ತು ಅನ್ನುವಳು.

ಮಳವಳ್ಳಿಯ ಅಂಚಿನ ಆ ಮನೆಯಲ್ಲಿ ಸಂಜೆಯ ವಂದನೆ ಶುರುವಾಗಿ ಮೂವತ್ತು ವರ್ಷ ಮೇಲಾಗಿತ್ತು. ಮರಿಸಿದ್ದಯ್ಯ ಕರೆಂಟಾಫೀಸಿನಲ್ಲಿ ಲೈನ್‌ಮ್ಯಾನ್ ಆಗಿದ್ದಾಗ ಮಂಡ್ಯದಲ್ಲಿ ಬೌದ್ಧ ಭಿಕ್ಷು ಭಂತೇಜಿಯೊಬ್ಬರಿಂದ ದೀಕ್ಷೆ ಪಡೆದು ಬಂದವನು. ಅಂದಿನಿಂದ ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ. ಅವುಗಳ ಮುಂದೆ ಒಂದು ಗಿಡ್ಡ ಸ್ಟೂಲು. ಕಂಬ ಹತ್ತಿ ಹತ್ತಿ ಮಂಡಿ ಸವೆದಿದ್ದರಿಂದ ಅವನಿಗೆ ಚಾಪೆಯ ಮೇಲೆ ಕೂರಲು ಆಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಪಟದ ಕಡೆ ಮುಖ ಮಾಡಿ ಕೂತು ಅವನು ಒಂದು ಸಾಲು ಹೇಳಬೇಕು, ಹಿಂದೆ ಚಾಪೆಯಲ್ಲಿ ಕೂತವರು ಅದನ್ನೇ ತಿರುಗಿ ಹೇಳಬೇಕು. ಬುದ್ಧ, ಧಮ್ಮ, ಸಂಘಕ್ಕೆ ಮೂರು ಸರಣು, ಆಮೇಲೆ ಐದು ಶೀಲ. ಒಂದೊಂದು ಶೀಲವನ್ನೂ ಪಾಳಿ ಭಾಷೆಯಲ್ಲಿ ಹೇಳಿಸಿ, ಆಮೇಲೆ ಕನ್ನಡದಲ್ಲಿ ಹೇಳಿಸುವುದು ಅವನದೇ ರೂಢಿ. ಅರ್ಥ ಗೊತ್ತಿಲ್ಲದೆ ಬಾಯಿ ಆಡಿಸಬಾರದು ಎಂದು ಅವನ ಮಾತು. ಮುಗಿದ ಮೇಲೆ ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕೂರುವನು. ಉಳಿದವರು ಸದ್ದಿಲ್ಲದೆ ಎದ್ದು ಅವರವರ ಕೆಲಸಕ್ಕೆ ಹೋಗುವರು. ಅವನು ಕಣ್ಣು ಬಿಟ್ಟು ತಿರುಗುವ ಹೊತ್ತಿಗೆ ಚಾಪೆ ಯಾವಾಗಲೂ ಖಾಲಿಯೇ.

ಆ ವಾರ ಊಟದಲ್ಲಿ ಅದೇ ಮಾತು.

"ಅಪ್ಪ, ಒಂಬತ್ತಕ್ಕೆ ಇಟ್ಕಳವಾ? ಎಲ್ರೂ ಇರ್ತೀವಿ," ಅಂದ ಮಗ ಮಹದೇವು.

ಒಂಬತ್ತಕ್ಕೆ ಇಟ್ಟರು. ಮೊದಲ ದಿನ ಮಹದೇವು ಎರಡನೆಯ ಸರಣಿನಲ್ಲೇ ತೂಕಡಿಸಿದ. ಎರಡನೆಯ ದಿನ ಮಾತ್ರೆ ನುಂಗಿದ್ದ ಮರಿಸಿದ್ದಯ್ಯನೇ ತೂಕಡಿಸಿ ಸ್ಟೂಲಿನಿಂದ ಬೀಳುವುದರಲ್ಲಿದ್ದ. ಬೆಳಿಗ್ಗೆ ಎದ್ದ ಕೂಡಲೇ ಇಟ್ಟುಕೊಂಡು ನೋಡಿದರು. ಒಲೆಯ ಮೇಲೆ ಸಾರು, ಬೀದಿಯಲ್ಲಿ ವ್ಯಾನಿನ ಹಾರನ್ನು. ಸುನಿತಾ ಕೈಯಲ್ಲಿ ಟಿಫನ್ ಡಬ್ಬಿ ಹಿಡಿದೇ ಐದನೆಯ ಶೀಲ ಹೇಳಿ ಓಡಿದಳು.

"ಸಂತೇಲಿ ಸೊಪ್ಪು ಮಾರ್ದಂಗಾಯ್ತು," ಅಂದಳು ದೇವಿರಮ್ಮ. "ನೀವೊಬ್ರೇ ಏಳ್ಕಳಿ. ಎಲ್ರ ಪರವಾಗಿ ಪುಣ್ಯ ನಿಮಗೇ ಬರ್ಲಿ."

"ಪುಣ್ಯದ ಲೆಕ್ಕ ಅಲ್ಲ ಕಣೆ ಇದು. ಹಿಂದ್ಗಡೆ ಯಾರೂ ಇಲ್ದೆ ಏಳಿದ್ರೆ ಬಾವಿಗೆ ಕೂಗ್ದಂಗಾಯ್ತದೆ." ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ನಾನೇನು ನಿಮ್ಮನ್ನ ದುಡ್ಡು ಕೇಳಿದ್ನಾ? ದಿನದಾಗೆ ಒಂದು ಗಳಿಗೆ ಎಲ್ಲಾ ಒಂದ್ಕಡೆ ಕೂರಿ ಅಂದೆ."

ಮಹದೇವುವಿನ ಫೋನು ಸದ್ದು ಮಾಡಿತು. ಅವನು ಎಡಗೈಯಲ್ಲಿ ಎತ್ತಿಕೊಂಡು ಎದ್ದುಹೋದ. ವಂದನೆ ಮತ್ತೆ ಸಂಜೆ ಏಳಕ್ಕೇ ಬಂತು.

ಉಪಾಯ ಹೊಳೆದದ್ದು ಮೊಮ್ಮಗಳು ಶೋಭಿತಾಳಿಗೆ. ಭಾರತೀನಗರದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ದೀಪಾವಳಿ ಆದ ಮೇಲಿನ ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ಅವಳು ಫೋನನ್ನು ಚಾಪೆಯ ಮೇಲಿಟ್ಟು ವಂದನೆಯನ್ನು ಪೂರ್ತಿ ರೆಕಾರ್ಡ್ ಮಾಡಿಕೊಂಡಳು. ಆಮೇಲೆ ತಾತನ ದನಿಯನ್ನು ಕತ್ತರಿಸಿ ತೆಗೆದು, ಹಿಂದಿನವರು ಹೇಳಿದ ಒಂದೊಂದು ಸಾಲನ್ನೂ ಬಿಡಿಬಿಡಿಯಾಗಿ ಇಟ್ಟಳು. ತಾತ ಒಂದು ಸಾಲು ಹೇಳಿದ ಮೇಲೆ ಒಂದು ಸಲ ಒತ್ತಿದರೆ, ಅವಳ ಸಣ್ಣ ಸ್ಪೀಕರಿನಿಂದ ನಾಲ್ಕು ಜನರ ದನಿ ಒಟ್ಟಿಗೆ ಬರುತ್ತಿತ್ತು. ಒಬ್ಬರು ಇದ್ದರೆ ಸಾಕು.

"ಇದು ಸರೀನಾ ಅಂತ," ಅಂದಳು ಸುನಿತಾ.

"ಅಮ್ಮ, ತಾತ ಖುಷಿಯಾಗಿರ್ಬೇಕು ತಾನೆ? ನೀನು ಓವರ್‌ಟೈಮ್ ಬಿಡ್ತೀಯಾ?"

ಸುನಿತಾ ಟಿಫನ್ ಡಬ್ಬಿ ತೊಳೆಯಲು ಎದ್ದಳು.

ದೇವಿರಮ್ಮ ಸ್ಪೀಕರನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಅವಳು ಯಾವಾಗಲೂ ಉಳಿದವರಿಗಿಂತ ಅರ್ಧ ಮಾತು ಹಿಂದೆ ಬೀಳುವವಳು. ಎಲ್ಲರೂ ನಿಲ್ಲಿಸಿದ ಮೇಲೆ ಕೊನೆಯ ಅಕ್ಷರವನ್ನು ಒಬ್ಬಳೇ ಎಳೆಯುವಳು. ಸ್ಪೀಕರಿನಲ್ಲೂ ಹಾಗೇ ಎಳೆದಿದ್ದಳು. ತನ್ನ ದನಿ ಕೇಳಿ ಅವಳಿಗೆ ನಗು ಬಂತು. "ನಾನಿಲ್ದಿದ್ರೂ ನಾನಿರ್ತೀನಿ ಅನ್ನು. ಒಳ್ಳೇದೇ ಆಯ್ತು ಬುಡು."

"ಆದ್ರೆ ಅಜ್ಜಿ, ಇದರಲ್ಲಿ ನಾಲ್ಕನೇ ಶೀಲ 'ಸುಳ್ಳು ಹೇಳೋದಿಲ್ಲ' ಅಂತಾನೂ ಇದೆ," ಅಂದಳು ಶೋಭಿತಾ. ಅವಳು ನಗುತ್ತಲೇ ಅಂದದ್ದು, ಆದರೂ ಫೋನನ್ನು ಕೆಳಗಿಟ್ಟಳು.

"ಏಳ್ದಾಗ ನಿಜವಾಗ್ಲೇ ಏಳಿದ್ವಲ್ಲ ಮಗ. ಅದು ಎಂಗೆ ಸುಳ್ಳಾಯ್ತದೆ?"

ಸರದಿ ಹಾಕಿಕೊಂಡರು. ಒಂದು ದಿನ ಶೋಭಿತಾ, ಒಂದು ದಿನ ಸುನಿತಾ, ಆಟೋಗೆ ಬಾಡಿಗೆ ಇಲ್ಲದ ದಿನ ಮಹದೇವು. ಕೂತವರು ತಮ್ಮ ಬಾಯಿ ತೆರೆಯುತ್ತಿರಲಿಲ್ಲ. ತೆರೆದರೆ ಸ್ಪೀಕರಿನ ದನಿಗೆ ಹೊಂದುತ್ತಿರಲಿಲ್ಲ. ಮರಿಸಿದ್ದಯ್ಯನ ಕಿವಿ ಮೊದಲಿನಷ್ಟು ಚುರುಕಿರಲಿಲ್ಲ. ಅವನಿಗೆ ಕೇಳಿಸಿದ್ದು ಇಷ್ಟೇ: ಬೆನ್ನ ಹಿಂದೆ ಮನೆ ಇದೆ.

ಅವನು ಬದಲಾದದ್ದು ಊಟದಲ್ಲೇ ಗೊತ್ತಾಯಿತು. ಸಾರಿಗೆ ಉಪ್ಪು ಸಾಲದು ಎಂದು ಗೊಣಗುವುದು ನಿಂತಿತು. ಸುನಿತಾಳ ವ್ಯಾನಿನ ಸುದ್ದಿ ಎತ್ತಲಿಲ್ಲ. ಒಂದು ದಿನ ತನ್ನ ತಟ್ಟೆಯ ಹಪ್ಪಳ ಮುರಿದು ಹೆಂಡತಿಯ ತಟ್ಟೆಗೆ ಹಾಕಿ, "ಈಗೀಗ ನಿನ್ನ ದನಿ ಗಟ್ಟಿಯಾಗದೆ ಕಣೆ," ಅಂದ.

ದೇವಿರಮ್ಮ ಹಪ್ಪಳ ತಿಂದಳು. "ಹಾಲು ಕುಡೀತೀನಲ್ಲ," ಅಂದಳು. ಶೋಭಿತಾ ನೀರು ತರುವ ನೆವದಲ್ಲಿ ಎದ್ದಳು.

ಸಂಕ್ರಾಂತಿಗೆ ಇನ್ನೂ ಕೆಲವು ದಿನವಿತ್ತು. ಬೆಳಗಿನ ಹಾಲು ಕರೆಯಲು ಹೋದ ದೇವಿರಮ್ಮ ಹಸುವಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದಳು. ಮಹದೇವು ತನ್ನ ಲಗೇಜ್ ಆಟೋದಲ್ಲೇ ಚಾಪೆ ಹಾಸಿ ಮಲಗಿಸಿಕೊಂಡು ಮಂಡ್ಯಕ್ಕೆ ಹೊರಟ. ಸುನಿತಾ ಹಿಂದೆ ಕೂತು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದಾರಿಯಲ್ಲೇ ಒಂದು ಕಡೆ ಆಟೋದ ತಗಡು ಬಡಿದು, "ನಿಲ್ಸಿ," ಅಂದಳು. ಅಲ್ಲಿಂದ ಹಿಂದಕ್ಕೆ ತಿರುಗಿಸಿಕೊಂಡು ಬಂದರು.

ಏಳನೆಯ ದಿನದ ಕಾರ್ಯಕ್ಕೆ ಭಂತೇಜಿ ಬಂದಿದ್ದರು. ನೆಂಟರು, ಬೀದಿಯವರು ಅಂಗಳದಲ್ಲಿ ಶಾಮಿಯಾನದ ಕೆಳಗೆ ಕೂತಿದ್ದರು. ಎರಡು ಮಾತು ಆಡಿ ಎಂದಾಗ ಮರಿಸಿದ್ದಯ್ಯ ಮಗನ ಹೆಗಲು ಹಿಡಿದು ಎದ್ದು ನಿಂತ.

"ನನ್ನ ಹೆಂಡ್ತಿ ಓದ್ದೋಳಲ್ಲ. ದೀಕ್ಷೆ ತಗಂಡ್ರೂ ಮಂಟೇಸ್ವಾಮಿ ಬೂದಿ ಪೊಟ್ಟಣ ಅಕ್ಕಿ ಡಬ್ಬದ ಹಿಂದೆ ಇಟ್ಕಂಡಿದ್ಲು. ನಂಗೆ ಗೊತ್ತಿತ್ತು. ನಾನೇನೂ ಅಂದಿಲ್ಲ. ಆದ್ರೆ ಈ ಎರಡು ತಿಂಗಳು ಒಂದು ಸಂಜೇನೂ ತಪ್ಪಿಸ್ದೆ ನನ್ನ ಹಿಂದೆ ಕೂತ್ಲು. ಸಾಯೋ ಮುಂಚಿನ ಸಂಜೇನೂ ಐದು ಶೀಲ ಬಾಯ್ತುಂಬ ಏಳಿದ್ಲು. ನಂಗೆ ಅಷ್ಟು ಸಾಕು."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬೆಳ್ಳಮ್ಮ ಮಾತ್ರ ತಲೆ ಬಗ್ಗಿಸಿ ಕೂತಿದ್ದಳು. ಆ ಮುಂಚಿನ ಸಂಜೆ ಫೋನು ಒತ್ತಿದವಳು ಶೋಭಿತಾ. ಎಡಗೈಯಲ್ಲಿ ಒತ್ತುತ್ತ ಬಲಗೈಯಲ್ಲಿ ಪ್ರಾಕ್ಟಿಕಲ್ ರೆಕಾರ್ಡು ಬರೆದಿದ್ದಳು.

ಜನ ಹೋದ ಮೇಲೆ ಅಡಿಗೆಮನೆಯಲ್ಲಿ ಅವಳು ಅಪ್ಪನನ್ನು ತಡೆದಳು. "ತಾತಂಗೆ ಹೇಳ್ಬೇಕಪ್ಪ."

"ಏನಂತ? ಅಜ್ಜಿ ಅವತ್ತು ಟೀವಿ ಮುಂದೆ ಕೂತಿದ್ಲು ಅಂತಲಾ?"

"ಎಲ್ಲರ ಮುಂದೆ ಹಾಗೆ ಹೇಳಿದ್ರಲ್ಲ."

"ಏಳ್ಲಿ. ಅವರಿಗೆ ಉಳ್ದಿರೋದೇ ಅದೊಂದು. ಅದನ್ನೂ ಕಿತ್ಕಂಡು ನೀನೇನು ಮಾಡ್ತೀಯ? ಸುಮ್ಕಿರು."

"ಸುಮ್ಕಿರವ್ವ," ಅಂದಳು ಸುನಿತಾಳೂ, ಪಾತ್ರೆ ಉಜ್ಜುತ್ತ. "ಇನ್ಮೇಲೆ ಎಲ್ರೂ ಕೂರಣ. ಅಷ್ಟೇ."

ಕೂತರು. ಒಂದು ತಿಂಗಳು ಸುನಿತಾ ಓವರ್‌ಟೈಮ್ ಬಿಟ್ಟಳು. ಮಹದೇವು ಸಂಜೆ ಬಾಡಿಗೆ ಒಪ್ಪಲಿಲ್ಲ. ಹಾಲು ಕರೆಯುವವರಿಲ್ಲ ಎಂದು ಹಸು ಮಾರಿದರು. ಈಗ ಮರಿಸಿದ್ದಯ್ಯ ಶುರು ಮಾಡುವ ಮುಂಚೆ ಪಟದ ಕಡೆ ಮುಖ ಮಾಡಿಯೇ, "ಎಲ್ರೂ ಬಂದ್ರಾ?" ಎಂದು ಕೇಳುವ ಅಭ್ಯಾಸ ಮಾಡಿಕೊಂಡಿದ್ದ. "ಬಂದೀವಿ," ಅನ್ನುವರು. ಆಮೇಲೆ ಫ್ಯಾಕ್ಟರಿಯಲ್ಲಿ ಹೊಸ ಆರ್ಡರು ಬಂತು. ಓವರ್‌ಟೈಮ್ ಬೇಡ ಅಂದವರನ್ನು ಬೇರೆ ಲೈನಿಗೆ ಹಾಕಿದರು. ಶೋಭಿತಾಳಿಗೆ ಪರೀಕ್ಷೆ ಬಂತು. ಆಲೆಮನೆಗಳಲ್ಲಿ ಬೆಲ್ಲ ರಾಶಿ ಬಿತ್ತು. ಮೊದಲು ಮೂವರು, ಆಮೇಲೆ ಇಬ್ಬರು.

ಒಂದು ಸಂಜೆ ಮಹದೇವು ಒಬ್ಬನೇ ಮನೆಗೆ ಬಂದ. ಮನೆ ಮುಂದೆ ಆಟೋದ ತುಂಬ ಬೆಲ್ಲ, ಮೇಲೆ ಮೋಡ. ಬೆಲ್ಲದ ಮಂಡಿಯವನು ಎರಡು ಸಲ ಫೋನು ಮಾಡಿದ್ದ. ಅವನು ಕೈಕಾಲು ತೊಳೆದು ಚಾಪೆಯ ಮೇಲೆ ಕೂತ.

"ಎಲ್ರೂ ಬಂದ್ರಾ?"

"ಬಂದವ್ರೆ," ಅಂದುಬಿಟ್ಟ ಮಹದೇವು. ಬಾಯಿಗೆ ಅದೇ ಬಂತು.

ಅಂದ ಮೇಲೆ ಒಂದೇ ದನಿ ಕೇಳಿಸಿದರೆ ಆಗದು. ಗೂಡಿನಲ್ಲಿದ್ದ ಸ್ಪೀಕರು ತೆಗೆದ. ಮಗಳು ಹಾಕಿಕೊಟ್ಟ ಸಾಲುಗಳು ಅವನ ಫೋನಿನಲ್ಲಿ ಹಾಗೇ ಇದ್ದವು. ಅದರಲ್ಲಿ ಅವ್ವನೂ ಇದ್ದಾಳೆ ಎಂಬುದು ಅವನಿಗೆ ನೆನಪಾಗಲಿಲ್ಲ. ದಿನಾ ಕೇಳಿ ಕೇಳಿ ಅವನ ಕಿವಿಗೆ ಅದು ನಾಲ್ಕು ಜನರ ದನಿಯಾಗಿ ಉಳಿದಿರಲಿಲ್ಲ, ಒಂದು ಸದ್ದಾಗಿತ್ತು.

ಮರಿಸಿದ್ದಯ್ಯ ಮೊದಲ ಸಾಲು ಹೇಳಿದ. ಮಹದೇವು ಒತ್ತಿದ. ದನಿಗಳು ಒಟ್ಟಿಗೆ ಎದ್ದವು, ಒಟ್ಟಿಗೆ ನಿಂತವು. ಒಂದು ದನಿ ಮಾತ್ರ ನಿಲ್ಲದೆ ಕೊನೆಯ ಅಕ್ಷರವನ್ನು ಎಳೆಯಿತು.

ಮರಿಸಿದ್ದಯ್ಯನ ಬೆನ್ನು ಅಲುಗಲಿಲ್ಲ. ಎರಡನೆಯ ಸಾಲು ಹೇಳಿದ. ಮಹದೇವುವಿನ ಹೆಬ್ಬೆರಳು ಗಾಜಿನ ಮೇಲೆ ನಿಂತಿತ್ತು. ಒತ್ತಲೂ ಆಗಲಿಲ್ಲ, ಬಾಯಿ ತೆರೆಯಲೂ ಆಗಲಿಲ್ಲ.

"ಒತ್ತಪ್ಪ," ಅಂದ ಮರಿಸಿದ್ದಯ್ಯ. "ಏಳ್ಲಿ ಅವಳು."

ಮಹದೇವು ಒತ್ತಿದ. ಹೀಗೇ ಮೂರು ಸರಣು ಮುಗಿದವು, ಮೂರು ಶೀಲ ಮುಗಿದವು. ಪ್ರತಿ ಸಾಲಿನ ಕೊನೆಯಲ್ಲಿ ಅವ್ವ ಒಬ್ಬಳೇ ಉಳಿಯುತ್ತಿದ್ದಳು. ನಾಲ್ಕನೆಯದಕ್ಕೆ ಬಂದು ಮರಿಸಿದ್ದಯ್ಯ ನಿಲ್ಲಿಸಿದ. ಎರಡೂ ಕೈಯಲ್ಲಿ ಸ್ಟೂಲು ಹಿಡಿದು, ಮಂಡಿ ನೋವಿಗೆ ಹಲ್ಲು ಕಚ್ಚಿ, ಇಡೀ ದೇಹವನ್ನು ಹಿಂದಕ್ಕೆ ತಿರುಗಿಸಿದ. ಚಾಪೆಯ ಮೇಲೆ ಮಗ ಇದ್ದ, ಸ್ಪೀಕರು ಇತ್ತು.

"ಯಾವತ್ತಿಂದ?"

"ದೀಪಾವಳಿ ಆದ್ಮೇಲೆ."

"ಅವಳಿದ್ದಾಗ್ಲೇ."

"ಊಂ."

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತಪ್ಪ."

"ಸಾಯೋ ಮುಂಚಿನ ದಿನ?"

ಮಹದೇವು ಸ್ಪೀಕರನ್ನು ನೋಡುತ್ತಿದ್ದ. "ಬೆಳ್ಳಕ್ಕನ ಮನೇಲಿತ್ತು ಅವ್ವ."

"ಏಳ್ನೇ ದಿನ ಅಷ್ಟು ಜನದ ಮುಂದೆ ನಾನು ಮಾತಾಡ್ದಾಗ ನಿನ್ನ ಹೆಗಲೇ ಹಿಡ್ಕಂಡಿದ್ದೆ."

"ಹೂಂನಪ್ಪ."

ಫೋನು ಹೊಡೆದುಕೊಂಡಿತು. ಮಂಡಿಯವನು. ಮಹದೇವು ಎತ್ತಲಿಲ್ಲ. ಹೊರಗೆ ಹನಿ ಬೀಳತೊಡಗಿತ್ತು.

"ಎತ್ತು," ಅಂದ ಮರಿಸಿದ್ದಯ್ಯ. "ಓಗಿ ಟಾರ್ಪಾಲು ಕಟ್ಟು. ಜನದ ಬೆಲ್ಲ ನೆಂದೋಯ್ತದೆ."

ಆ ದಿನ ಊಟಕ್ಕೆ ಅವನು ಅರ್ಧ ಮುದ್ದೆ ಬಿಟ್ಟು ಎದ್ದ. ಸುನಿತಾ ಗಂಡನ ಮೇಲೆ ಹರಿಹಾಯ್ದಳು. "ನೀವೊಬ್ರೇ ನಿಮ್ಮ ಬಾಯಲ್ಲಿ ಏಳಿದ್ರೆ ಏನಾಯ್ತಿತ್ತು?"

"ಎಲ್ರೂ ಬಂದವ್ರೆ ಅಂದ್ಬುಟ್ಟಿದ್ದೆ ಕಣೆ."

"ಯಾಕೆ ಅಂದ್ರಿ?"

"ನೀನ್ಯಾಕೆ ಬರ್ನಿಲ್ಲ?"

ಸುನಿತಾ ಮಾವ ಬಿಟ್ಟ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಶೋಭಿತಾ ತಾತನ ಮಂಚದ ಬಳಿ ನಿಂತು, "ಅದನ್ನ ಅಳಿಸಿಬಿಡ್ಲಾ ತಾತ?" ಎಂದಳು.

"ನನ್ನ ಯಾಕವ್ವ ಕೇಳ್ತೀಯ? ಮಾಡಿದೋಳು ನೀನು."

ಅವಳು ಅಳಿಸಲಿಲ್ಲ. ಅಜ್ಜಿಯ ದನಿ ಬೇರೆಲ್ಲೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಮರಿಸಿದ್ದಯ್ಯ ಕೋಲು ಊರಿಕೊಂಡು ಬೆಳ್ಳಮ್ಮನ ಜಗುಲಿಗೆ ಹೋದ. ಅವಳು ಅವರೆಕಾಯಿ ಸುಲಿಯುತ್ತಿದ್ದವಳು ಮೊರ ಸರಿಸಿ ಜಾಗ ಮಾಡಿದಳು.

"ಆವತ್ತು ಅವಳು ಇಲ್ಲಿದ್ಲಂತೆ."

"ಇತ್ತು ಕಣಣ್ಣ. ನಾನು ಏಳಾಣ ಅಂತಿದ್ದೆ, ನಿಮ್ಮ ಮಗ ಬ್ಯಾಡ ಅಂದ."

"ಏನು ಮಾಡ್ತು?"

"ಟೀವಿ ನೋಡ್ತು. ಪುರಿ ತಿಂತು. ಟೀವೀಲಿ ಆ ಸೊಸೆ ಅತ್ತೆ ಕೈಗೆ ಸಿಕ್ಕಾಕಂಡ್ಲು ನೋಡಿ, ಅದಕ್ಕೆ ನಗಾಡ್ತು. 'ನಮ್ಮೆಜಮಾನ್ರು ಅಲ್ಲಿ ನಾನು ಹಿಂದೆ ಕೂತೀನಿ ಅಂದ್ಕಂಡವ್ರೆ' ಅಂದು ಇನ್ನೂ ನಗಾಡ್ತು." ಬೆಳ್ಳಮ್ಮ ತುಟಿ ಕಚ್ಚಿಕೊಂಡಳು. "ಕೆಟ್ಟದಕ್ಕಲ್ಲ ಕಣಣ್ಣ."

"ಸುಸ್ತು ಗಿಸ್ತು ಏನಾದ್ರೂ ಅಂತಾ?"

ಬೆಳ್ಳಮ್ಮ ಒಂದು ಕಾಯಿ ಸುಲಿದು ಕಾಳು ಬಿಡಿಸಿದಳು. "ಎದೆ ಉರೀತದೆ ಅಂತು. ಪುರಿಗೆ ಖಾರ ಹಾಕಿದ್ದೆ, ಅದಕ್ಕೇ ಅಂದ್ಕಂಡೆ."

"ನಂಗೆ ಏಳ್ನಿಲ್ಲ."

"ಮನೆಗೆ ಬಂದಾಗ ನೀವು ಕಣ್ಮುಚ್ಕಂಡು ಕೂತಿದ್ರಂತಲ್ಲ."

ಮರಿಸಿದ್ದಯ್ಯ ಕೋಲು ಊರಿ ಎದ್ದುಹೋದ.

ಅವನು ಬೈಯಲಿಲ್ಲ. ಬೈದಿದ್ದರೆ ಮನೆಗೆ ಹಗುರಾಗುತ್ತಿತ್ತು. ಸಂಜೆಯಾದರೆ ಚಾಪೆ ಹಾಸಿ, ಮೇಣದಬತ್ತಿ ಹಚ್ಚಿ, ಸ್ಟೂಲಿನ ಮೇಲೆ ಕೂರುವನು. "ಎಲ್ರೂ ಬಂದ್ರಾ?" ಎಂದು ಕೇಳುವುದನ್ನು ಬಿಟ್ಟ. ಬಂದವರು ಕೂತು ಹೇಳುವರು. ಬರಲಾಗದವರು ಬೆಳಿಗ್ಗೆಯೇ ಹೇಳಿ ಹೋಗಬೇಕೆಂದು ಮಹದೇವು ಕಟ್ಟು ಮಾಡಿದ್ದ. "ತಾತ, ನಂಗೆ ಇವತ್ತು ಆಗಲ್ಲ." "ಮಾವ, ಇವತ್ತು ಓವರ್‌ಟೈಮು." "ಅಪ್ಪ, ಮಂಡ್ಯಕ್ಕೆ ಲೋಡು." ಮೂವರಿಗೂ ಒಂದೇ ಉತ್ತರ. "ಓಗ್ಬನ್ನಿ." ಮನೆಯಲ್ಲಿ ಈಗ ಸುಳ್ಳಿರಲಿಲ್ಲ. ಹೆಚ್ಚಿನ ಸಂಜೆ ಚಾಪೆಯ ಮೇಲೆ ಜನವೂ ಇರಲಿಲ್ಲ.

ಯುಗಾದಿ ಹತ್ತಿರ ಬಂದಾಗ ಒಂದು ದಿನ ಫ್ಯಾಕ್ಟರಿಯಲ್ಲಿ ಬಟ್ಟೆ ಬರದೆ ಬೇಗ ಬಿಟ್ಟರು. ಮೂವರೂ ಆಗಲ್ಲ ಎಂದು ಹೇಳಿ ಹೋಗಿದ್ದ ದಿನ ಅದು. ಸುನಿತಾ ವ್ಯಾನಿಳಿದು ಬಂದು ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟವಳು ಹಾಗೇ ನಿಂತಳು.

ಚಾಪೆ ನಾಲ್ಕು ಜನಕ್ಕಾಗುವಷ್ಟು ಅಗಲ ಹಾಸಿತ್ತು. ಮಾವ ಪಟದ ಕಡೆ ತಿರುಗಿ ಒಂದು ಸಾಲು ಹೇಳಿದ. ಆಮೇಲೆ ಸುಮ್ಮನಾದ. ಮರೆತಿರಬೇಕು ಎಂದುಕೊಂಡಳು. ಮರೆತಿರಲಿಲ್ಲ. ಹಿಂದಿನವರು ತಿರುಗಿ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು, ಮುಂದಿನ ಸಾಲು ಹೇಳಿದ. ಮತ್ತೆ ಕಾದ.

ಅವಳು ಇನ್ನೊಂದು ಚಪ್ಪಲಿ ಬಿಟ್ಟು, ಕೈಚೀಲ ಗೋಡೆಗೆ ಒರಗಿಸಿ, ಚಾಪೆಯ ತುದಿಯಲ್ಲಿ ಕೂತಳು. ಅವನು ಸಾಲು ಹೇಳಿ ಸುಮ್ಮನಾದಾಗ ಬಾಯಿ ತೆರೆದಳು. ದಿನವಿಡೀ ಮೆಷಿನ್ನಿನ ಮುಂದೆ ಮಾತಿಲ್ಲದೆ ಕೂತಿದ್ದ ಗಂಟಲು. ದನಿ ಸಣ್ಣಗೆ ಬಂತು, ಆದರೆ ಸಾಲು ತಪ್ಪಲಿಲ್ಲ.

ಮರಿಸಿದ್ದಯ್ಯ ಮುಂದಿನ ಸಾಲು ಹೇಳಲಿಲ್ಲ. ತಿರುಗಲೂ ಇಲ್ಲ.

"ನೀನೇ ಏನವ್ವ," ಅಂದ, "ಇಲ್ಲಾ ಫೋನಾ?"

ನಾನೇ ಮಾವ ಅನ್ನಲು ಹೊರಟ ಸುನಿತಾ ತಡೆದುಕೊಂಡಳು. ಅದೂ ದನಿಯೇ.

ಅವಳು ಎದ್ದಳು. ಸ್ಟೂಲಿನ ಪಕ್ಕದಿಂದ ಹಾಯ್ದು, ಮೇಣದಬತ್ತಿ ಆರದ ಹಾಗೆ ಸೆರಗು ಒಟ್ಟು ಮಾಡಿಕೊಂಡು, ಪಟಕ್ಕೂ ಅವನಿಗೂ ನಡುವೆ ಬರಿ ನೆಲದ ಮೇಲೆ ಅವನಿಗೆ ಎದುರಾಗಿ ಕೂತಳು.

ಮರಿಸಿದ್ದಯ್ಯ ಅವಳ ಬಾಯಿಯನ್ನೇ ನೋಡುತ್ತ ಅದೇ ಸಾಲನ್ನು ಮತ್ತೆ ಹೇಳಿದ.